ನೀರಿನ ದಾರಿಯಲ್ಲಿರುವ ನೆರೆಯವರು

ನೆರೆಯವರೆಂದರೆ ಯಾರು? ವರ್ತೂರಿನ ಹೊಸ ಅಪಾರ್ಟ್‌ಮೆಂಟೊಂದರಲ್ಲಿ ವಾಸಿಸುವವರಿಗೆ ಉತ್ತರ ಸುಲಭವೆನಿಸಬಹುದು: ಎದುರು ಬಾಗಿಲಿನವರು, ಮೇಲ್ಮಹಡಿಯವರು, ಲಿಫ್ಟಿನಲ್ಲಿ ಮುಗುಳ್ನಗುವವರು. ಕೆಳಗೆ ಅಂಗಡಿ, ಕ್ಲಿನಿಕ್, ಕಚೇರಿ, ಮೇಲೆ ಮನೆಗಳು. ಗೇಟಿನೊಳಗೇ ಎಲ್ಲವೂ ದೊರೆಯುವಾಗ ನಮ್ಮ ಲೋಕ ಕಾಂಪೌಂಡಿಗೆ ಮುಗಿಯಿತೆಂದು ಭಾವಿಸುವುದು ಸಹಜ. ಆದರೆ ನಾವು ಬಳಸಿ ಬಿಟ್ಟ ನೀರು ಆ ಗೋಡೆಗೆ ನಿಲ್ಲುವುದಿಲ್ಲ.

400 ಎಕರೆಗೂ ಮಿಕ್ಕಿದ ವರ್ತೂರು ಕೆರೆ ಹಿಂದೆ ಭತ್ತದ ಗದ್ದೆಗಳಿಗೆ ನೀರುಣಿಸುತ್ತಿತ್ತು. ಬೆಳ್ಳಂದೂರು ಕೆರೆಯ ನೀರು ಇಲ್ಲಿಗೆ ಬರುತ್ತದೆ. ಇಲ್ಲಿಯ ಕೋಡಿ ನೀರು ದಕ್ಷಿಣ ಪಿನಾಕಿನಿಯನ್ನು ಸೇರಿ, ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯಕ್ಕೆ ಹರಿಯುತ್ತದೆ. 2015ರಲ್ಲಿ ಕೋಡಿಯಿಂದೆದ್ದ ಬಿಳಿ ನೊರೆ ರಸ್ತೆಗೆ ಹಾರಿ ದಾರಿಹೋಕರ ಮೇಲೆ ಬಿದ್ದುದನ್ನು ದೇಶವೇ ಕಂಡಿತು. ಶುದ್ಧೀಕರಿಸದ ಕೊಳಚೆ, ಅದರಲ್ಲಿ ಬೆರೆತ ಬಟ್ಟೆ-ಪಾತ್ರೆ ತೊಳೆಯುವ ಮಾರ್ಜಕ ಇದಕ್ಕೆ ಕಾರಣ. ಆ ನೊರೆಯಲ್ಲಿ ಯಾರ ಮನೆಯ ಸಾಬೂನು ಎಷ್ಟೆಂದು ಹೇಳಬಲ್ಲವರಿಲ್ಲ. ಎಲ್ಲರ ತಪ್ಪು ಯಾರದೂ ಅಲ್ಲದ ತಪ್ಪಾಗಿ ಉಳಿಯಿತು. ಅನಂತರ ಕೆರೆಯ ಹೂಳೆತ್ತುವ ಕಾರ್ಯ ನಡೆಯಿತು. ಆದರೆ ಮೇಲಿನಿಂದ ಬರುವ ನೀರು ಕೆಟ್ಟರೆ ಹೂಳೆತ್ತಿದ ಕೆರೆಯೂ ಕೆಡುತ್ತದೆ.

ನಿಮ್ಮ ಕಟ್ಟಡದಲ್ಲಿಯೂ ಕೊಳಚೆ ಶುದ್ಧೀಕರಣ ಘಟಕವಿರಬಹುದು. ಅಲ್ಲಿ ಕೊಳೆಯನ್ನು ತಿಂದು ತೀರಿಸುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಗಾಳಿ ಊದುವ ಯಂತ್ರವೇ ಅವುಗಳ ಉಸಿರು. ಅದನ್ನು ಗಂಟೆಗಟ್ಟಲೆ ನಿಲ್ಲಿಸಿದರೆ ಅವು ಸೊರಗುತ್ತವೆ. ಕೊಳೆ ಹಾಗೆಯೇ ಹೊರಹೋಗುತ್ತದೆ. ನಿವಾಸಿಗಳ ಸಂಘದ ಸಭೆಯಲ್ಲಿ ಒಬ್ಬರು ಕೇಳುತ್ತಾರೆನ್ನಿ: “ರಾತ್ರಿ ಯಂತ್ರ ನಿಲ್ಲಿಸಿದರೆ ವಿದ್ಯುತ್ ಉಳಿದು ನಿರ್ವಹಣಾ ಶುಲ್ಕ ಇಳಿಯುವುದಲ್ಲವೇ?” ಕೇಳಿದವರು ದುಷ್ಟರಲ್ಲ, ಮನೆಸಾಲದ ಕಂತು ಕಟ್ಟುತ್ತಿರುವ ಸಂಸಾರಸ್ಥರು. ಅವರ ಕಷ್ಟ ಸಭೆಯಲ್ಲಿ ಎಲ್ಲರಿಗೂ ಕಾಣುತ್ತದೆ. ಹೊಳೆಯ ಕೆಳಗೆ ಆ ನೀರನ್ನೇ ಹೊಲಕ್ಕೆ ಹಾಯಿಸುವ ರೈತನಿಗೆ ಮಾತ್ರ ಅಲ್ಲಿ ಕುರ್ಚಿಯಿಲ್ಲ. ಅವನ ಪರವಾಗಿ ಕೈಯೆತ್ತುವವರು ಯಾರು?

ಒಳ್ಳೆಯ ಸಮಾರಿಯದವನ ಸಾಮತಿಯಲ್ಲಿ ಗಾಯಗೊಂಡವನು ದಾರಿಯಲ್ಲೇ ಬಿದ್ದಿದ್ದನು. ಅವನನ್ನು ಕಂಡೂ ದಾಟಿಹೋದವರಿದ್ದರು. ನಮ್ಮಿಂದ ನೊಂದವನನ್ನಾದರೋ ನಾವು ಕಾಣುವುದೇ ಇಲ್ಲ. ಆದ್ದರಿಂದ ನಮ್ಮ ಮನಸ್ಸಾಕ್ಷಿ ಕಣ್ಣಿಗಿಂತ ದೂರ ಹೋಗಬೇಕಾಗಿದೆ. ನೀರು ಎಲ್ಲಿಯವರೆಗೆ ಹರಿಯುವುದೋ ಅಲ್ಲಿಯವರೆಗೂ ನಮ್ಮ ನೆರೆಹೊರೆ ಹಬ್ಬಿದೆ.

ಪ್ರಿಯ ಓದುಗರೇ, ಹಬ್ಬದ ದಿನ ಎದುರುಮನೆಗೆ ಸಿಹಿ ಹಂಚುವುದು ಒಳ್ಳೆಯದು, ಅದನ್ನು ಬಿಡಬೇಡಿ. ಜೊತೆಗೆ ಮುಂದಿನ ಸಭೆಗೂ ಹೋಗಿರಿ. ಘಟಕ ದಿನವಿಡೀ ನಡೆಯುತ್ತಿದೆಯೇ ಎಂದು ವಿಚಾರಿಸಿರಿ. ಒಮ್ಮೆ ಮಕ್ಕಳನ್ನು ಕರೆದೊಯ್ದು ಅದನ್ನು ತೋರಿಸಿರಿ. ತಿಂಗಳಿಗೆ ಸ್ವಲ್ಪ ಹಣ ಹೆಚ್ಚು ತೆರಬೇಕಾಗಬಹುದು. ಹೆಸರರಿಯದ ನೆರೆಯವನಿಗೆ ನಾವು ಸಲ್ಲಿಸಬೇಕಾದ ಋಣವದು.