ಹಾಡು ಒಕ್ಕಲಿನದು, ದನಿ ಕಂಪನಿಯದು

ಮಂಟೇಸ್ವಾಮಿ ಕಥೆ ಕಟ್ಟಿದವರು ಇಂಥವರೇ ಎಂದು ಯಾರನ್ನೂ ಬೊಟ್ಟು ಮಾಡಿ ತೋರಿಸಲಾಗದು. ಅದನ್ನು ಹಾಡುವ ನೀಲಗಾರರು ದೀಕ್ಷೆ ಪಡೆದು, ತಂಬೂರಿ ಹೆಗಲಿಗೇರಿಸಿ, ಗುರುವಿನ ಬಾಯಿಂದ ಕಲಿತದ್ದನ್ನು ಹಾಡಿಕೊಂಡು ಬಂದಿದ್ದಾರೆ. ಮಂಟೇಸ್ವಾಮಿ ಮಠವಿರುವ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನದು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋದ ಹಲಗೂರೂ ಅದೇ ತಾಲ್ಲೂಕಿನದು. ಕಥೆ ನಡೆದ ಊರುಗಳಲ್ಲೇ ಕಥೆ ಹಾಡುವವರೂ ಹುಟ್ಟಿದರು. ಹಾಡು ತನ್ನ ಸ್ವತ್ತು ಎಂದು ಅವರಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಸ್ವತ್ತೇ ಅಲ್ಲದ್ದನ್ನು ಬರೆದುಕೊಡಲು ಕಾಗದ ಮುಂದಿಟ್ಟರೆ ಕೈ ಹಿಂಜರಿಯುವುದಾದರೂ ಯಾಕೆ?

ಕ್ಯಾಸೆಟ್ಟಿನ ಕಾಲದಲ್ಲಿ ಆದದ್ದು ಇದೇ. ಬೆಂಗಳೂರಿನ ಸ್ಟುಡಿಯೋದಲ್ಲಿ ಹಾಡಿಸಿ, ಒಂದಿಷ್ಟು ದುಡ್ಡು ಕೈಗಿಟ್ಟು, ರುಜು ಹಾಕಿಸಿಕೊಳ್ಳುವುದು ರೂಢಿಯಾಯಿತು. ಮಾರಾಟವಾದಷ್ಟಕ್ಕೂ ಪಾಲು ಎಂಬ ಮಾತು ಹಳ್ಳಿಯ ಹಾಡುಗಾರನ ಮಟ್ಟಿಗೆ ಅಪರೂಪವೇ. ಎಷ್ಟು ಕ್ಯಾಸೆಟ್ ಹೋಯಿತೆಂದು ಕೇಳಿದರೆ ಹಲಗೂರಿನಲ್ಲಿ ಸಿದ್ದಪ್ಪಾಜಿಗೆ ಸಿಕ್ಕ ಉತ್ತರವೇ: ನಮ್ಮಲ್ಲಿ ಕಬ್ಬಿಣವೇ ಇಲ್ಲ. ಕಳ್ಳ ಕ್ಯಾಸೆಟ್ಟುಗಳ ಕಾಟದಲ್ಲಿ ಕಂಪನಿಗೂ ಪೂರಾ ಲೆಕ್ಕ ಸಿಗುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಕಾನೂನೂ ಹಾಡುಗಾರನ ಕಡೆಗಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಡು ಬರೆದವರನ್ನು, ರಾಗ ಹಾಕಿದವರನ್ನು, ಧ್ವನಿಮುದ್ರಣ ಮಾಡಿಸಿದವರನ್ನು ಗುರುತಿಸಿತು. ಹಾಡಿದವರಿಗೆ ಒಂದು ಹಕ್ಕು ಬಂದದ್ದು 1994ರ ತಿದ್ದುಪಡಿಯಲ್ಲಿ. ಜನಪದ ಕಥೆಗೆ ಬರೆದವರೂ ಇಲ್ಲ, ರಾಗ ಹಾಕಿದವರೂ ಇಲ್ಲ. ಉಳಿದವನು ಮುದ್ರಣಕ್ಕೆ ಬಂಡವಾಳ ಹಾಕಿದವನೊಬ್ಬನೇ, ಅವನ ಹಕ್ಕು 60 ವರ್ಷ. ಎಲ್ಲರದ್ದಾಗಿದ್ದ ಹಾಡಿನ ಆ ಒಂದು ದನಿ ಹೀಗೆ ಒಬ್ಬರ ಪಾಲಾಯಿತು.

ದುಡ್ಡಿಗಿಂತ ನನ್ನನ್ನು ಹೆಚ್ಚು ಕಾಡುವುದು ಉದ್ದದ ವಿಷಯ. ಮಂಟೇಸ್ವಾಮಿ ಕಾವ್ಯ ಸಾಲು ಸಾಲಾಗಿ ಇಡೀ ರಾತ್ರಿ ಹರಿಯುವಂಥದ್ದು. ಕೇಳುವವರು ತೂಕಡಿಸಿದರೆ ಒಂದು ನಗೆಮಾತು, ಅತ್ತರೆ ಇನ್ನೊಂದು ಸುತ್ತು. ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂಬ ಯಜಮಾನಿಕೆ ತಂಬೂರಿ ಹಿಡಿದವನದು. ಕ್ಯಾಸೆಟ್ಟಿಗೆ ಒಂದು ಮಗ್ಗುಲಿಗೆ 30 ನಿಮಿಷ. ಅಷ್ಟರಲ್ಲಿ ಸಿದ್ದಪ್ಪಾಜಿ ಹಲಗೂರಿಗೆ ಹೋಗಿ ಪವಾಡ ಮುಗಿಸಿ ಬರಬೇಕು. ಗಗ್ಗರದ ಸದ್ದಿನ ಮೇಲೆ ಕೀಬೋರ್ಡು ಕೂತಿತು. ಯಾವ ಒಪ್ಪಂದದಲ್ಲೂ ‘ಕಥೆ ಕತ್ತರಿಸತಕ್ಕದ್ದು’ ಎಂದು ಬರೆದಿರಬೇಕಿಲ್ಲ. ಟೇಪಿನ ಅಳತೆಯೇ ಸಾಕು. ಆಮೇಲೆ ಊರಿನವರೂ ‘ಕ್ಯಾಸೆಟ್‌ನಲ್ಲಿದ್ದ ಹಾಗೇ ಹಾಡಿ’ ಎನ್ನತೊಡಗಿದರೆ ಕತ್ತರಿ ಜಗಲಿಯವರೆಗೂ ಬಂತೆಂದೇ ಅರ್ಥ.

ಹಾಗಂತ ಕ್ಯಾಸೆಟ್ಟನ್ನು ಬರೀ ವಂಚನೆ ಎನ್ನಲು ಮನಸ್ಸು ಬಾರದು. ಮಳವಳ್ಳಿ ಮಹದೇವಸ್ವಾಮಿಯವರ ಕಂಠ ಮಂಡ್ಯದ ಗಡಿ ದಾಟಿ ಮನೆಮನೆ ಸೇರಿದ್ದರಲ್ಲಿ ಅದರ ಪಾಲು ದೊಡ್ಡದು. ಹೆಸರು ಹಬ್ಬಿದರೆ ಜಾತ್ರೆಗೆ, ಹರಕೆಗೆ ಕರೆ ಬರುತ್ತದೆ. ಹೊಟ್ಟೆ ತುಂಬಿಸುವುದು ಆ ಕರೆಯೇ. ಮಾದಪ್ಪನ ಭಕ್ತರ ‘ಕೋಲುಮಂಡೆ ಜಂಗಮದೇವ’ 1996ರ ‘ಜನುಮದ ಜೋಡಿ’ ಚಿತ್ರಕ್ಕೆ ಬಂತು, ಹಾಡಿದ ಎಲ್. ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿಯೂ ಬಂತು. ಚೆನ್ನಾಗಿಯೇ ಹಾಡಿದ್ದರು. ಆ ಹಾಡನ್ನು ಹಾಡಿಕೊಂಡು ಬಂದ ಕಂಸಾಳೆಯವರು ಅದಕ್ಕೆ ಹೊಟ್ಟೆಕಿಚ್ಚು ಪಡಬೇಕಾಗಿಯೂ ಇಲ್ಲ, ಪಾಲು ಕೇಳುವ ದಾರಿಯೂ ಇಲ್ಲ.

2012ರ ತಿದ್ದುಪಡಿ ಹಾಡಿದವರಿಗೆ ಎರಡು ಒಳ್ಳೆಯ ಮಾತು ಸೇರಿಸಿತು: ಹಾಡಿದವರು ಇವರೆಂದು ಹೆಸರು ಹೇಳಿಸಿಕೊಳ್ಳುವ ಹಕ್ಕು, ಮಾನಕ್ಕೆ ಕುಂದು ಬರುವಂತೆ ತನ್ನ ಹಾಡನ್ನು ತಿರುಚಿದರೆ ತಕರಾರು ತೆಗೆಯುವ ಹಕ್ಕು. ಕರಾರಿನಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ ಎಂಬ ನಿಯಮವೂ ಕಾಯ್ದೆಯಲ್ಲಿದೆ. ಅದಕ್ಕೇ ಜಾಣ ಕಂಪನಿಗಳು ‘ಶಾಶ್ವತವಾಗಿ’ ಎಂದು ಮೊದಲೇ ಬರೆಸಿಕೊಳ್ಳುವುದು. ಈಗ ಅದೇ ಹಳೆಯ ದನಿ ಯೂಟ್ಯೂಬಿನಲ್ಲಿ ಕೇಳಿಸುತ್ತದೆ, ನಡುವೆ ಜಾಹೀರಾತು ಬರುತ್ತದೆ. ಆ ದುಡ್ಡಿನಲ್ಲಿ ಅಪ್ಪನಿಗೆ ಬರಬೇಕಾದದ್ದು ಏನಾದರೂ ಇದೆಯೇ ಎಂದು ಹಾಡುಗಾರನ ಮಗ ವಕೀಲರ ಬಳಿ ಹೋದರೆ, ಅವರು ಮೊದಲು ಕೇಳುವುದು ಅಂದು ರುಜು ಹಾಕಿದ ಕಾಗದದ ಪ್ರತಿಯನ್ನು.