ರೊಟ್ಟಿ ತಿಂದವನು ಯಾರು?

ಕಲ್ಲಿಕೋಟೆಯ ಉತ್ತರಕ್ಕಿರುವ ಕಾಪ್ಪಾಡ್ ಹಳ್ಳಿಯ ಕಡಲತೀರದಲ್ಲಿ ಒಂದು ಸ್ಮಾರಕ ಸ್ತಂಭವಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದನೆನ್ನುತ್ತದೆ. ಇಳಿದದ್ದು ಇಲ್ಲಲ್ಲ, ಪಂತಲಾಯನಿಯಲ್ಲಿ ಎನ್ನುವವರೂ ಇದ್ದಾರೆ. ಕಲ್ಲಿನೊಡನೆ ವಾದ ಮಾಡುವುದು ಕಷ್ಟ! ಬೇಸಿಗೆಯಲ್ಲಿ ಅಲ್ಲಿ ತಂಗಿದ್ದ ನಾವು ಗಮನಿಸಿದ್ದು ಬೇರೆ: ಬಂದವನ ಹೆಸರಿದೆ, ಬರಮಾಡಿಕೊಂಡವರದಿಲ್ಲ.

ಆ ಯಾನದ ಪೋರ್ಚುಗೀಸ್ ದಿನಚರಿಯಲ್ಲೇ ಒಂದು ಸಂಗತಿ ಉಳಿದಿದೆ. ಗಾಮ ತಾನು ಇಳಿಯುವ ಮುಂಚೆ ಗಡೀಪಾರಿನ ಶಿಕ್ಷೆ ಪಡೆದವನೊಬ್ಬನನ್ನು ಕಲ್ಲಿಕೋಟೆಗೆ ಕಳಿಸಿದ. ಅಲ್ಲಿ ಸ್ಪೇನಿನ ಭಾಷೆ ಬಲ್ಲ ಟ್ಯುನಿಸ್‌ನ ಇಬ್ಬರು ಮುಸ್ಲಿಮರು ಸಿಕ್ಕರು. ಇಲ್ಲಿಗೇಕೆ ಬಂದೆಯೆಂದು ಮೊದಲು ಶಪಿಸಿದರು. ಆಮೇಲೆ ತಮ್ಮ ಬಿಡಾರಕ್ಕೆ ಕರೆದೊಯ್ದು ಗೋಧಿ ರೊಟ್ಟಿ, ಜೇನುತುಪ್ಪ ಕೊಟ್ಟರು.

1502ರಲ್ಲಿ ಮತ್ತೆ ಬಂದ ಗಾಮ, ಹಜ್ ಮುಗಿಸಿ ಮರಳುತ್ತಿದ್ದ ನೂರಾರು ಯಾತ್ರಿಕರ 'ಮೀರಿ' ಹಡಗನ್ನು ಮಲಬಾರಿನ ಕಡಲಲ್ಲಿ ಸುಟ್ಟ. ಅದರಲ್ಲಿ ಹೆಂಗಸರಿದ್ದರು, ಮಕ್ಕಳಿದ್ದರು.

ಹಾಗಾದರೆ ಆ ರೊಟ್ಟಿ ಕೊಟ್ಟದ್ದು ತಪ್ಪೇ? ಹೌದೆನ್ನುವವರ ಸಂಕಟ ನಮಗೆ ಅರ್ಥವಾಗದ್ದೇನಲ್ಲ. ಮೈಮರೆತ ಆತಿಥ್ಯಕ್ಕೆ ಈ ನಾಡು ತೆತ್ತ ಬೆಲೆ ಸಣ್ಣದಲ್ಲ. ಆದರೆ ಬಂದವನ ಉದ್ದೇಶ, ಅವನಿಂದ ಮುಂದಾಗುವ ಲಾಭನಷ್ಟ ಎಲ್ಲವನ್ನೂ ಹೊಸ್ತಿಲಲ್ಲೇ ವಿಚಾರಿಸಿ ಬಡಿಸಿದರೆ ಅದು ವ್ಯಾಪಾರವಾದೀತು. ಕೋಟೆ ಕಾಯುವುದು ದೊರೆಯ ಕೆಲಸ. ಹಸಿವು ವಿಚಾರಿಸುವುದು ಮನೆಯವನದು. ಒಂದರ ತಪ್ಪನ್ನು ಇನ್ನೊಂದರ ಮೇಲೆ ಹೊರಿಸುವುದು ನ್ಯಾಯವಲ್ಲ.

ಅಂದು ರೊಟ್ಟಿ ತಿಂದವನಾದರೂ ಯಾರು? ಗಾಮನಲ್ಲ. ಗೊತ್ತಿಲ್ಲದ ದಡಕ್ಕೆ, ಹೋದರೆ ಇವನ ಜೀವ ಹೋಗಲಿ ಎಂದು ಮುಂದೆ ದೂಡಿದ್ದ ಒಬ್ಬ ಕೈದಿ. ಅವನು ಹಿಂತಿರುಗುವಾಗ ಆ ಇಬ್ಬರಲ್ಲೊಬ್ಬ ಹಡಗಿನವರೆಗೂ ಜತೆಗೆ ಹೋದ.