ಹೊರುವ ಕೈ ಇಲ್ಲದ ಕಾಯಕ

ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದ ದುಡ್ಡಿನಲ್ಲಿ ಜಂಗಮ ದಾಸೋಹ ನಡೆಸುತ್ತಿದ್ದ ಶರಣ ನುಲಿಯ ಚಂದಯ್ಯ. ಒಂದು ದಿನ ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ಜಾರಿ ಕೆಳಗೆ ಬಿತ್ತು. ಚಂದಯ್ಯ ಬಗ್ಗಿ ಎತ್ತಿಕೊಳ್ಳಲಿಲ್ಲ. ಬಿಟ್ಟುಹೋದದ್ದು ಲಿಂಗ, ತನಗೆ ತನ್ನ ಕೆಲಸವಿದೆ ಎಂದು ಹೊರೆ ಹೊತ್ತು ನಡೆದೇಬಿಟ್ಟ. ಲಿಂಗವೇ ಅವನ ಬೆನ್ನುಹತ್ತಿತು. ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಿದ. ಕೊನೆಗೆ ಆ ಲಿಂಗವೂ ಹಗ್ಗ ಮಾರುವ ಕೆಲಸಕ್ಕೆ ಹೋಗಬೇಕಾಯಿತು ಎನ್ನುತ್ತದೆ ಶರಣರ ಕಥೆ.

ದೇವರಿಗೂ ಕಾಯಕದಿಂದ ವಿನಾಯಿತಿ ಇಲ್ಲ ಎಂದ ಈ ನೆಲಕ್ಕೆ ಈಗ ಹೊಸ ಹೊರೆಯಾಳು ಬಂದಿದ್ದಾನೆ. ಅವನು ಬೆವರುವುದಿಲ್ಲ, ಕೂಲಿ ಕೇಳುವುದಿಲ್ಲ, ಜಾತಿ ಹೇಳುವುದಿಲ್ಲ. ಪಾರ್ಸಲ್ ಹೊತ್ತು ಹಾರುವ ಡ್ರೋನ್ ಮಾಡುವುದು ಕಾಯಕವೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ತಮಾಷೆಯಾಗಿ ಕಾಣಬಹುದು. ಅದು ಹೊರುವ ಕೆಲಸವನ್ನು ಯಾರ ಕೈಯಿಂದ ಬಿಡಿಸಿಕೊಳ್ಳುತ್ತದೆ, ಆ ಕೈಯ ಜೊತೆಗೆ ಇನ್ನೇನು ಹೋಗುತ್ತದೆ ಎಂದು ಕೇಳಿದರೆ ತಮಾಷೆ ಉಳಿಯುವುದಿಲ್ಲ.

ಬಳ್ಳಾರಿಯ ಬ್ರೂಸ್‌ಪೇಟೆಗೆ ಪಾರ್ಸಲ್ ಈಗಲೂ ಬರುವುದು ಬೈಕಿನ ಮೇಲೆಯೇ. ಮನೆಗೆ ಮನೆ ಅಂಟಿಕೊಂಡ ಹಳೆಯ ಓಣಿಗಳು, ತಲೆಯ ಮೇಲೆ ಹೆಣೆದುಕೊಂಡ ಕರೆಂಟು ತಂತಿ, ಕೇಬಲ್ಲು. ವಿಳಾಸಕ್ಕಿಂತ ಗುಡಿಯ ಹಿಂದೆ, ಗಿರಣಿಯ ಪಕ್ಕ ಎಂಬ ಗುರುತೇ ಹೆಚ್ಚು ಉಪಯೋಗಕ್ಕೆ ಬರುವ ಜಾಗ. ಡೆಲಿವರಿ ಹುಡುಗ ಎರಡು ಸಲ ಫೋನ್ ಮಾಡಿ, ಮೂರನೆಯದಕ್ಕೆ ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗುತ್ತಾನೆ. ಹಾಗೆಂದು ಜಿಲ್ಲೆಗೆ ಡ್ರೋನ್ ಅಪರಿಚಿತವಲ್ಲ. 50 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಗಣಿ ಗುತ್ತಿಗೆಗಳು ಡ್ರೋನ್ ಸಮೀಕ್ಷೆಯ ಚಿತ್ರ ಸಲ್ಲಿಸಬೇಕೆಂದು 2021ರ ನವೆಂಬರ್‌ನಲ್ಲೇ ಕೇಂದ್ರ ನಿಯಮ ಮಾಡಿತು. ಸಂಡೂರಿನ ಗುಡ್ಡಗಳಿಗೂ ಅದು ಅನ್ವಯ. ಭತ್ತ, ಮೆಣಸಿನಕಾಯಿಗೆ ಔಷಧಿ ಹೊಡೆಯುವ ಡ್ರೋನ್ ಸಿರುಗುಪ್ಪದ ಕಡೆಯ ರೈತರಿಗೂ ಹೊಸದಲ್ಲ. ಮನೆ ಬಾಗಿಲಿಗೆ ಸಾಮಾನು ಇಳಿಸುವುದು ಮುಂದಿನ ಹೆಜ್ಜೆ.

ಲಾಭವನ್ನು ಅಲ್ಲಗಳೆಯುವುದು ಅಪ್ರಾಮಾಣಿಕ. 2021ರ ಅಕ್ಟೋಬರ್ 4ರಂದು ಮಣಿಪುರದ ಬಿಷ್ಣುಪುರ ಆಸ್ಪತ್ರೆಯಿಂದ ಲೋಕ್ತಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೋವಿಡ್ ಲಸಿಕೆ ಹಾರಿಹೋಯಿತು: ನೆಲದ ದಾರಿ 26 ಕಿಲೋಮೀಟರ್, ಆಕಾಶದ್ದು 15, ಹಿಡಿದದ್ದು ಹೆಚ್ಚೆಂದರೆ ಕಾಲು ಗಂಟೆ. ಅದೇ ವರ್ಷ ಜೂನ್‌ನಲ್ಲಿ ಬೆಂಗಳೂರಿನ ಥ್ರಾಟಲ್ ಏರೋಸ್ಪೇಸ್ ಸಂಸ್ಥೆ ಗೌರಿಬಿದನೂರಿನಲ್ಲಿ, ಹಾರಿಸುವವನ ಕಣ್ಣಳತೆ ಮೀರಿದ ದೂರಕ್ಕೆ ಔಷಧ ಕಳಿಸುವ ಪರೀಕ್ಷೆ ಶುರುಮಾಡಿತ್ತು. ತುಂಗಭದ್ರಾ ಅಣೆಕಟ್ಟೆಯಿಂದ ನೀರು ಜೋರಾಗಿ ಬಿಟ್ಟಾಗಲೆಲ್ಲ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ದಾರಿ ಕಡಿದುಹೋಗುವುದನ್ನು ಕಂಡವರಿಗೆ, ಹೊಳೆ ದಾಟುವ ಹಾವಿನ ವಿಷದ ಮದ್ದು ಎಷ್ಟು ಬೆಲೆಯದೆಂದು ವಿವರಿಸಬೇಕಿಲ್ಲ. ಆಳುದ್ದದ ಮೂಟೆ ಹೊತ್ತು ಬೆನ್ನು ಮುರಿದುಕೊಂಡ ಹಮಾಲರ ಊರಿನಲ್ಲಿ ಹೊರೆಯನ್ನು ಪವಿತ್ರವೆಂದು ಹಾಡಿ ಹೊಗಳುವುದೂ ಕ್ರೂರವೇ. ಮಲ ಬಾಚುವ ಕೆಲಸವನ್ನು ಮನುಷ್ಯನ ಕೈಯಿಂದ ಬಿಡಿಸಲು ದೇಶ 2013ರಲ್ಲಿ ಕಾಯ್ದೆಯನ್ನೇ ಮಾಡಿತು. ಎಲ್ಲ ದುಡಿಮೆಯೂ ಉಳಿಯಬೇಕಾದದ್ದಲ್ಲ.

ಆದರೆ ಕೈ ಬರೀ ಹೊರುವುದಿಲ್ಲ, ಮುಟ್ಟುತ್ತದೆ ಕೂಡ. ವಿಷಯ ಸಿಕ್ಕು ಸಿಕ್ಕಾಗುವುದು ಇಲ್ಲಿ. 2019ರ ಜುಲೈಯಲ್ಲಿ ಜಬಲ್ಪುರದ ಗ್ರಾಹಕನೊಬ್ಬ, ಊಟ ತರುವವನು ಹಿಂದೂ ಅಲ್ಲ ಎಂದು ಆರ್ಡರ್ ರದ್ದು ಮಾಡಿದ; ಊಟಕ್ಕೆ ಧರ್ಮವಿಲ್ಲ ಎಂದು ಜೊಮ್ಯಾಟೊ ಉತ್ತರ ಕೊಟ್ಟು ದೇಶದಾದ್ಯಂತ ಚಪ್ಪಾಳೆ ಗಿಟ್ಟಿಸಿತು. ಅದೇ ಕಂಪನಿ 2024ರ ಮಾರ್ಚ್‌ನಲ್ಲಿ ಸಸ್ಯಾಹಾರಕ್ಕೆಂದೇ ಬೇರೆ ಪಡೆ, ಬೇರೆ ಹಸಿರು ಉಡುಪು ಎಂದು ಸಾರಿತು. ಟೀಕೆ ಎದ್ದಿತು; ಮರುದಿನವೇ ಉಡುಪಿನ ಭೇದ ಹಿಂದಕ್ಕೆ ಹೋಯಿತು. ಯಾರು ತಂದರು, ಯಾರ ಕೈ ತಗುಲಿತು ಎಂಬ ಹಳೆಯ ಮಡಿ-ಮೈಲಿಗೆಯ ವಿಚಾರಣೆ ಆ್ಯಪ್‌ನೊಳಗೂ ನುಸುಳಿದ್ದಕ್ಕೆ ಈ ಎರಡು ಘಟನೆ ಸಾಕ್ಷಿ.

ಡ್ರೋನ್ ಈ ವಿಚಾರಣೆಯನ್ನು ಸದ್ದಿಲ್ಲದೆ ಮುಗಿಸಿಬಿಡುತ್ತದೆ. ಮಾಳಿಗೆಯ ಮೇಲೆ ಹಗ್ಗದಿಂದ ಇಳಿಯುವ ಪೊಟ್ಟಣಕ್ಕೆ ಯಾವ ಕೇರಿಯೂ ಇಲ್ಲ. ಕಟ್ಟಾ ಸನಾತನಿಗೂ ಸಮಾಧಾನ, ಅವಮಾನ ತಪ್ಪಿದ ಹುಡುಗನಿಗೂ ಸಮಾಧಾನ ಎಂದು ಲೆಕ್ಕ ಹಾಕಬಹುದು. ಈ ಲೆಕ್ಕದಲ್ಲಿ ಮೋಸವಿದೆ. ಮುಟ್ಟಿಸಿಕೊಳ್ಳದೆ ಬದುಕುವ ಸವಲತ್ತು ಹಿಂದೆ ಕೆಲವರಿಗೆ ಮಾತ್ರ ಇತ್ತು, ಅದಕ್ಕೆ ಊರೆಲ್ಲ ಕಾವಲಿರಬೇಕಿತ್ತು; ಈಗ ಅದು ಡೆಲಿವರಿ ಶುಲ್ಕಕ್ಕೆ ಸಿಗುತ್ತದೆ. ಕಲ್ಯಾಣದಲ್ಲಿ ಮಡಿವಾಳ, ಅಂಬಿಗ, ಮಾದರ ಒಂದೇ ಸಾಲಿನಲ್ಲಿ ಕೂತದ್ದು ಮುಟ್ಟುವ ಪ್ರಶ್ನೆಯನ್ನು ತಪ್ಪಿಸಿಕೊಂಡಲ್ಲ, ಎದುರಿಸಿ. ಬ್ರೂಸ್‌ಪೇಟೆಯ ಅಜ್ಜಿ ಡೆಲಿವರಿ ಹುಡುಗನಿಗೆ ‘ನೀರು ಕುಡೀತೀಯೇನಪ್ಪಾ’ ಎಂದು ಕೇಳಿ ಚೊಂಬು ಕೊಡುವುದೋ, ಕೊಡದೆ ಬಾಗಿಲು ಹಾಕಿಕೊಳ್ಳುವುದೋ ಎಂಬ ಚಿಕ್ಕ ನೈತಿಕ ಪರೀಕ್ಷೆ ಬಳ್ಳಾರಿಯ ಬೇಸಿಗೆಯಲ್ಲಿ ದಿನಾ ನಡೆಯುತ್ತದೆ. ಯಂತ್ರ ಆ ಪರೀಕ್ಷೆಯನ್ನೇ ರದ್ದು ಮಾಡುತ್ತದೆ, ಪಾಸೂ ಇಲ್ಲ ಫೇಲೂ ಇಲ್ಲ.

ಧರ್ಮದ ಹೆಸರಿನಲ್ಲಿ ಡ್ರೋನಿನ ಬಗ್ಗೆ ಗಟ್ಟಿ ದನಿ ಕೇಳಿಬಂದದ್ದು ಮಾತ್ರ ಬೇರೆ ಕಾರಣಕ್ಕೆ. ಗರ್ಭಗುಡಿಯ ವಿಮಾನದ ಮೇಲೆ ಏನೂ ಹಾರಬಾರದೆಂಬ ಆಗಮದ ಮಾತನ್ನು ಮುಂದಿಟ್ಟು, ತಿರುಮಲವನ್ನು ಹಾರಾಟ ನಿಷೇಧಿತ ವಲಯ ಮಾಡಿ ಎಂದು ಟಿಟಿಡಿ ಕೇಂದ್ರವನ್ನು ಮತ್ತೆ ಮತ್ತೆ ಕೇಳಿದೆ. ನಾಳೆ ಕುರುಗೋಡಿನ ದೊಡ್ಡಬಸವೇಶ್ವರ ತೇರಿನ ಕಳಸದ ಮೇಲೆ ಬಿರಿಯಾನಿಯೋ ಮಿರ್ಚಿಯೋ ಹಾರಿಹೋದರೆ ಅಲ್ಲೂ ಇದೇ ಗಲಾಟೆ ಏಳಬಹುದು. ಕಳಸದ ಮೇಲಿನ ಆಕಾಶಕ್ಕೆ ಜಗಳವಾಡುವಷ್ಟು ಸುಲಭವಲ್ಲ, ತೇರಿನ ಹಗ್ಗ ಹಿಡಿಯುವ ಕೈಗಳ ಬಗ್ಗೆ ಮಾತಾಡುವುದು.

ಕೈ ಹೊಣೆಯನ್ನೂ ಹೊರುತ್ತದೆ. 2019ರ ಮೇ ತಿಂಗಳಲ್ಲಿ ಸ್ವಿಸ್ ಅಂಚೆಯ ಡ್ರೋನ್ ಜ್ಯೂರಿಕ್‌ನಲ್ಲಿ ಪ್ಯಾರಾಶೂಟಿನ ಹಗ್ಗ ಹರಿದು ಬಿತ್ತು. ಶಿಶುವಿಹಾರದ ಮಕ್ಕಳು ಆಡುತ್ತಿದ್ದದ್ದು ಅಲ್ಲಿಂದ ಸುಮಾರು 50 ಮೀಟರ್ ಆಚೆ. 2022ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಊಟ ಹೊತ್ತ ವಿಂಗ್ ಕಂಪನಿಯ ಡ್ರೋನ್ ವಿದ್ಯುತ್ ತಂತಿಯ ಮೇಲೆ ಇಳಿದು ಸುಮಾರು 2,000 ಗ್ರಾಹಕರ ಕರೆಂಟು ಹೋಯಿತು. ಬ್ರೂಸ್‌ಪೇಟೆಯ ತಂತಿಗಳನ್ನು ನೋಡಿದವರು ಇದನ್ನು ಓದಿ ನಗಲಾರರು. ಭಾರತದ 2021ರ ಡ್ರೋನ್ ನಿಯಮಗಳು 250 ಗ್ರಾಂಗಿಂತ ಹೆಚ್ಚು ತೂಕದವಕ್ಕೆ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ ಮಾಡಿವೆ; ಸರ್ಕಾರದ ವಾಯುನಕ್ಷೆ ಹಸಿರೆಂದು ಗುರುತಿಸಿದ ವಲಯದಲ್ಲಿ 400 ಅಡಿವರೆಗೆ ಹಾರಲು ಮುಂಗಡ ಅನುಮತಿ ಬೇಡ; ನಿಯಮ ಮುರಿದರೆ ದಂಡ ಹೆಚ್ಚೆಂದರೆ 1 ಲಕ್ಷ ರೂಪಾಯಿ. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗುವವರ ಖಾಸಗಿತನಕ್ಕೆ ಮಾತ್ರ ಆ ನಿಯಮಗಳಲ್ಲಿ ಪ್ರತ್ಯೇಕ ಅಧ್ಯಾಯವಿಲ್ಲ.

ಬೇಗ ತಲುಪಿದ್ದೆಲ್ಲ ಒಳ್ಳೆಯದಲ್ಲ ಎಂಬುದನ್ನು ಬಳ್ಳಾರಿ ಕಹಿಯಾಗಿ ಕಲಿತಿದೆ. 2024ರ ನವೆಂಬರ್‌ನಲ್ಲಿ ಇಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಶಂಕೆ ಹೋದದ್ದು ನರಕ್ಕೆ ಏರಿಸಿದ ದ್ರಾವಣದ ಮೇಲೆ. ಔಷಧ ಸಮಯಕ್ಕೆ ಸರಿಯಾಗಿಯೇ ಇತ್ತು. ಅದು ಸರಿಯಿದೆ ಎಂದು ಹೇಳಬೇಕಾದ ಸಾಲಿನಲ್ಲಿ ಎಲ್ಲೋ ಒಬ್ಬರು ಹೊಣೆ ಹೊರಲಿಲ್ಲ.

ಇನ್ನು ಉಳಿತಾಯದ ಪ್ರಶ್ನೆ. ಆಯ್ದಕ್ಕಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅವನ ಹೆಂಡತಿ ಲಕ್ಕಮ್ಮ ಅದನ್ನು ಬಂದಲ್ಲಿಗೇ ಹಿಂದಿರುಗಿಸಿ ಬಾ ಎಂದಳು. ಡ್ರೋನಿನಿಂದ ಉಳಿಯುವ ಕೂಲಿಯೂ ಅಂಥ ಹೆಚ್ಚಿನ ಅಕ್ಕಿಯೇ. ಅದು ಎಲ್ಲಿಗೆ ಹೋಗಬೇಕು? ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ಮಾಡಿತು: ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಒಳ್ಳೆಯ ಕಾನೂನು, ದಾಸೋಹದ ತತ್ವವನ್ನು ಸರ್ಕಾರಿ ಭಾಷೆಯಲ್ಲಿ ಹೇಳಿದಂತಿದೆ. ಆದರೆ ಶುಲ್ಕ ನಿಂತಿರುವುದು ಕಾರ್ಮಿಕನ ಕೂಲಿಯ ಮೇಲೆ. ಹೊತ್ತದ್ದು ಡ್ರೋನ್ ಆದರೆ ಕೂಲಿ ಸೊನ್ನೆ, ಸೊನ್ನೆಯ ಶೇ 5 ಸೊನ್ನೆಯೇ. ಮನುಷ್ಯನಿಗೆ ಕೆಲಸ ಕೊಟ್ಟವನು ನಿಧಿಗೆ ಕಟ್ಟುತ್ತಾನೆ, ಕೊಡದವನು ಕಟ್ಟುವುದಿಲ್ಲ. ನೀತಿ ಆಯೋಗದ 2022ರ ಅಂದಾಜಿನಂತೆ 2029-30ಕ್ಕೆ ದೇಶದಲ್ಲಿ ಗಿಗ್ ಕಾರ್ಮಿಕರು 2.35 ಕೋಟಿ, ಹೀಗೆ ಬೆಳೆಯುವ ದುಡಿಮೆಗಾರರಿಗೆಂದು ರಾಜ್ಯ ಮಾಡಿದ ನಿಧಿಗೆ ಇಂಥ ತೂತು ಇರಬಾರದು. ಶುಲ್ಕವನ್ನು ಕೂಲಿಯಿಂದ ಬಿಡಿಸಿ ಪಾರ್ಸಲ್ಲಿಗೆ ಕಟ್ಟಿದರೆ, ತಂದದ್ದು ಬೈಕಾದರೂ ರೆಕ್ಕೆಯಾದರೂ ನಿಧಿಯ ಪಾಲು ನಿಧಿಗೆ ಸಲ್ಲುತ್ತದೆ.

ಡ್ರೋನಿಗೂ ನೆಲದ ಮೇಲೆ ಕೈಗಳು ಬೇಕು: ಬ್ಯಾಟರಿ ಬದಲಿಸಲು, ಪೊಟ್ಟಣ ಸಿಕ್ಕಿಸಲು, ಹಾರಾಟ ನೋಡಿಕೊಳ್ಳಲು. ಹತ್ತನೇ ತರಗತಿ ಪಾಸಾದ, 18ರಿಂದ 65 ವಯಸ್ಸಿನ ಯಾರೇ ಆದರೂ ತರಬೇತಿ ಪಡೆದು ಡ್ರೋನ್ ಪೈಲಟ್ ಪ್ರಮಾಣಪತ್ರ ಪಡೆಯಬಹುದು ಎನ್ನುತ್ತವೆ ನಿಯಮಗಳು. ಈ ಅರ್ಹತೆ ಇರುವ ಡೆಲಿವರಿ ಹುಡುಗರು ಬ್ರೂಸ್‌ಪೇಟೆಯಲ್ಲಿ ಓಣಿಗಿಷ್ಟು ಜನ ಸಿಗುತ್ತಾರೆ. ಕೃಷಿ ಡ್ರೋನ್ ಹಾರಿಸುವ ಸ್ವಸಹಾಯ ಸಂಘದ ಮಹಿಳೆಯರಿಗೆ ‘ನಮೋ ಡ್ರೋನ್ ದೀದಿ’ ಯೋಜನೆಯಲ್ಲಿ ತರಬೇತಿಯೂ ಉಂಟು, ಸಂಘ ಕೊಳ್ಳುವ ಡ್ರೋನಿನ ಬೆಲೆಯ ಶೇ 80ರಷ್ಟು, 8 ಲಕ್ಷ ರೂಪಾಯಿವರೆಗೆ ನೆರವೂ ಉಂಟು. ಬೈಕಿನ ಹುಡುಗರ ತರಬೇತಿಯ ಫೀಸನ್ನು ಅವರ ಜಾಗಕ್ಕೆ ಡ್ರೋನ್ ತರುವ ಕಂಪನಿಯೇ ಕಟ್ಟಬೇಕೆಂದು ಪರವಾನಗಿಯಲ್ಲೇ ಬರೆದರೆ, ಲಕ್ಕಮ್ಮ ಹಿಂದಿರುಗಿಸಿದ ಅಕ್ಕಿಯ ಲೆಕ್ಕಕ್ಕೆ ಅದೊಂದು ಆರಂಭ.